ಸುದರ್ಶನ ಕೆರೆ ಒಡೆದಾಗ: ಊರು ಕಟ್ಟಬೇಕೋ, ಅರಸ ಕಟ್ಟಬೇಕೋ?

2021ರ ನವೆಂಬರ್ ಮಳೆಯನ್ನು ಬಯಲುಸೀಮೆಯವರು ಯಾರೂ ಮರೆತಿರಲಿಕ್ಕಿಲ್ಲ. ವರ್ಷಗಟ್ಟಲೆ ಜಾಲಿ ಬೆಳೆದು ಒಣಗಿ ಬಿದ್ದಿದ್ದ ಕೆರೆಗಳು ಕೆಲವೇ ದಿನಗಳಲ್ಲಿ ತುಂಬಿಹೋದವು. ನಮ್ಮೂರಿನ ಕೆರೆಯೂ ತುಂಬಿತು. ಊರವರು ಬಾಗಿನ ಬಿಡುವ ದಿನವನ್ನೂ ಗೊತ್ತು ಮಾಡಿದ್ದರು. ಅದಕ್ಕೆ ಮೊದಲೇ ಒಂದು ರಾತ್ರಿ ಏರಿ ಒಡೆಯಿತು.

ಮುಂದಿನ ಭಾನುವಾರ ಅರಳಿಕಟ್ಟೆ ಹತ್ತಿರ ಎಲ್ಲರೂ ಸೇರಿದಾಗ ಎರಡು ಗುಂಪಾಯಿತು. ‘ಕೆರೆ ಸರ್ಕಾರದ್ದು, ಅವರೇ ಕಟ್ಟಲಿ, ನಾವು ಅರ್ಜಿ ಕೊಡೋಣ’ ಅಂತ ಕೆಲವರು. ‘ಅರ್ಜಿ ಕೊಟ್ಟು ಕೂತ್ರೆ ಮುಂದಿನ ಮಳೆಗೂ ಆಗಲ್ಲ, ನಾವೇ ಕಟ್ಕೊಳ್ಳೋಣ’ ಅಂತ ಇನ್ನು ಕೆಲವರು. ನಾನು ಬೆಂಗಳೂರಿನಿಂದ ಹೋಗಿದ್ದೆ. ವೃತ್ತಿಯಿಂದ ಇಂಜಿನಿಯರ್ ನಿಜ, ಆದರೆ ಯಂತ್ರಗಳ ಇಂಜಿನಿಯರ್. ಮಣ್ಣಿನ ಕೆಲಸ ನನಗೆ ಗೊತ್ತಿಲ್ಲ. ಶಾಸನ ಓದುವುದು ಮಾತ್ರ ಹದಿನೈದು ವರ್ಷದಿಂದ ಅಂಟಿಕೊಂಡ ಹುಚ್ಚು. ಎದ್ದು ನಿಂತು ಹೇಳಿದೆ: ನಮ್ಮ ಹಿರಿಯರು ಯಾವ ಸರ್ಕಾರವನ್ನೂ ಕಾಯುತ್ತಾ ಕೂರಲಿಲ್ಲ, ಕೆರೆ ಕಟ್ಟಿದ್ದೂ ಅವರೇ, ಒಡೆದರೆ ತಿದ್ದಿದ್ದೂ ಅವರೇ, ಬೇಕಾದರೆ ಬಿತ್ತುವಟ್ಟದ ಶಾಸನಗಳನ್ನು ನೋಡಿ.

ಚಪ್ಪಾಳೆ ಬಿತ್ತು. ಮನೆಗಿಷ್ಟು ಅಂತ ದುಡ್ಡು ಎತ್ತಿದೆವು. ಜೆಸಿಬಿ, ಟ್ರ್ಯಾಕ್ಟರ್ ತರಿಸಿ ಫೆಬ್ರವರಿ ಹೊತ್ತಿಗೆ ಒಡಕು ಮುಚ್ಚಿದೆವು. 2022ರ ಆಗಸ್ಟ್‌ನಲ್ಲಿ ಅದೇ ಜಾಗ ಮತ್ತೆ ಕಿತ್ತುಕೊಂಡು ಹೋಯಿತು. ಈ ಸಲ ಕೆಳಗಿನ ಮೂರು ತೋಟಗಳಿಗೆ ಮರಳು ನುಗ್ಗಿತು. ಅದರಲ್ಲಿ ಒಂದು, ನನ್ನ ಮಾತು ಕೇಳಿ ಎಲ್ಲರಿಗಿಂತ ಮೊದಲು ದುಡ್ಡು ಕೊಟ್ಟವರದು.

ಆಮೇಲೆ ನಾನು ಅದೇ ಶಾಸನಗಳನ್ನು ಮತ್ತೆ ತೆಗೆದು ಓದಿದೆ. ನನಗೆ ಬೇಕಾದ ಸಾಲನ್ನಷ್ಟೇ ಎತ್ತಿಕೊಂಡು ಊರ ಮುಂದೆ ಭಾಷಣ ಮಾಡಿದ್ದೆ ಅನ್ನುವುದು ಆಗ ಗೊತ್ತಾಯಿತು. ಈ ಬರಹ ಆ ಮರುಓದಿನದು. ಮೊದಲು ಗುಜರಾತಿನ ಒಂದು ಬಂಡೆ, ಆಮೇಲೆ ನಮ್ಮ ಕಡೆಯ ಕಲ್ಲುಗಳು.

ಒಂದು ಬಂಡೆ, ಎರಡು ಸಲ ಒಡೆದ ಕೆರೆ

ಜುನಾಗಢದಲ್ಲಿ, ಗಿರ್ನಾರ್ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ದೊಡ್ಡದೊಂದು ಬಂಡೆ ಇದೆ. ಅದರ ಮೇಲೆ ಮೂರು ಕಾಲದ ಬರಹಗಳಿವೆ: ಅಶೋಕನ 14 ಶಾಸನಗಳು, ಕ್ಷತ್ರಪ ರುದ್ರದಾಮನ ಶಾಸನ, ಗುಪ್ತರ ಸ್ಕಂದಗುಪ್ತನ ಕಾಲದ ಶಾಸನ. ರುದ್ರದಾಮನದು ಸಂಸ್ಕೃತ ಗದ್ಯದ ದೊಡ್ಡ ಶಾಸನಗಳಲ್ಲಿ ಬಹಳ ಹಳೆಯದು, ಹಾಗಾಗಿ ಭಾಷೆಯ ದೃಷ್ಟಿಯಿಂದ ಅದರ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಆದರೆ ಅದರ ವಿಷಯ ಒಂದು ಕೆರೆ ಏರಿಯ ರಿಪೇರಿ.

ಕೆರೆಯ ಹೆಸರು ಸುದರ್ಶನ. ಇದನ್ನು ಕಟ್ಟಿಸಿದ್ದು ಚಂದ್ರಗುಪ್ತ ಮೌರ್ಯನ ಪ್ರಾಂತ್ಯಾಧಿಕಾರಿ ವೈಶ್ಯ ಪುಷ್ಯಗುಪ್ತ. ಅಶೋಕನ ಕಾಲದಲ್ಲಿ ಯವನರಾಜ ತುಷಾಸ್ಫ ಇದಕ್ಕೆ ಕಾಲುವೆಗಳನ್ನು ಮಾಡಿಸಿದ. ಅಂದರೆ ಏರಿ ನಾನೂರು ವರ್ಷಕ್ಕೂ ಮೇಲ್ಪಟ್ಟು ನಿಂತಿತ್ತು. 72ನೇ ವರ್ಷ, ಅಂದರೆ ಕ್ರಿ.ಶ. 150ರ ಮಾರ್ಗಶಿರ ಬಹುಳ ಪಾಡ್ಯದ ದಿನ ಭಾರಿ ಮಳೆ ಸುರಿಯಿತು. ಬೆಟ್ಟದಿಂದ ಇಳಿಯುವ ಸುವರ್ಣಸಿಕತಾ, ಪಲಾಶಿನೀ ಮೊದಲಾದ ಹೊಳೆಗಳು ಉಕ್ಕಿ ಬಂದವು. ಜೊತೆಗೆ ಬಿರುಗಾಳಿ. ಏರಿ ಕಿತ್ತುಕೊಂಡು ಹೋಗಿ, ಕೆರೆ ಮರುಭೂಮಿಯಂತಾಯಿತು. ‘ಸುದರ್ಶನ’ವು ‘ದುರ್ದರ್ಶನ’ವಾಯಿತು ಅಂತ ಶಾಸನ ಕವಿ ದುಃಖದಲ್ಲೂ ಶ್ಲೇಷೆ ಬಿಟ್ಟಿಲ್ಲ.

ಒಡಕಿನ ಅಳತೆಯನ್ನೂ ಅವನು ಕೊಟ್ಟಿದ್ದಾನೆ. 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ. ಮೊಳಕ್ಕೆ ಒಂದೂವರೆ ಅಡಿ ಹಿಡಿದರೆ ಉದ್ದ ಅಗಲ ತಲಾ 190 ಮೀಟರು, ಆಳ 34 ಮೀಟರಿನ ಹತ್ತಿರ. ನಾನು ಕಾಗದದ ಮೇಲೆ ಒಂದು ಒರಟು ಲೆಕ್ಕ ಹಾಕಿದೆ. ಪೆಟ್ಟಿಗೆಯ ಆಕಾರ ಅಂದುಕೊಂಡರೆ 12 ಲಕ್ಷ ಘನಮೀಟರು. ಇಳಿಜಾರು ಕಳೆದು ಅರ್ಧ ಅಂದುಕೊಂಡರೂ 6 ಲಕ್ಷ. ಒಬ್ಬ ಆಳು ದಿನಕ್ಕೆ 2 ಘನಮೀಟರು ಮಣ್ಣು ಅಗೆದು, ಹೊತ್ತು, ದಮ್ಮಸ್ಸು ಮಾಡುತ್ತಾನೆ ಅಂದರೂ (ಇದು ಧಾರಾಳದ ಲೆಕ್ಕ) 3 ಲಕ್ಷ ಆಳು ಬೇಕು. ದಿನಕ್ಕೆ 1000 ಜನ ದುಡಿದರೆ 300 ದಿನ. ಎರಡು ಮಳೆಗಾಲದ ನಡುವೆ ಅಷ್ಟು ದಿನ ಸಿಗುವುದಿಲ್ಲ. ಸುತ್ತಲಿನ ಹಳ್ಳಿಗಳೆಲ್ಲ ಸೇರಿ ಉಳುಮೆ ಬಿಟ್ಟು ಬಂದರೂ ಆಗುವ ಕೆಲಸ ಅಲ್ಲ ಇದು.

ಇದನ್ನು ರುದ್ರದಾಮನ ಮಂತ್ರಿಗಳೂ ಹೇಳಿದರು. ಸಲಹೆ ಕೊಡುವ ಮತಿಸಚಿವರು, ಕೆಲಸ ಮಾಡಿಸುವ ಕರ್ಮಸಚಿವರು, ಇಬ್ಬರೂ ಒಡಕು ಬಹಳ ದೊಡ್ಡದು ಅಂತ ಕೆಲಸ ಶುರು ಮಾಡುವುದನ್ನೇ ವಿರೋಧಿಸಿದರು. ಅರಸನ ಹೊಗಳಿಕೆಯ ಶಾಸನದಲ್ಲೇ ಈ ಮಾತು ಬಂದಿದೆ, ಗಮನಿಸಿ. ಇನ್ನು ಏರಿ ಏಳುವುದಿಲ್ಲ ಅಂತ ಜನ ಹಾಹಾಕಾರ ಮಾಡಿದಾಗ ಮುಂದೆ ಬಂದವನು ಆನರ್ತ–ಸುರಾಷ್ಟ್ರಗಳ ಆಡಳಿತಕ್ಕೆ ನೇಮಕವಾಗಿದ್ದ ಅಮಾತ್ಯ ಸುವಿಶಾಖ. ಇವನು ಕುಲೈಪನ ಮಗ, ಪಹ್ಲವ, ಅಂದರೆ ಮೂಲದಿಂದ ಆ ಸೀಮೆಯವನೇ ಅಲ್ಲ. ಅವನ ಗುಣಗಳ ಪಟ್ಟಿಯಲ್ಲಿ ‘ಅಹಾರ್ಯ’ ಅನ್ನುವುದೊಂದು. ಆಮಿಷಕ್ಕೆ ಬಗ್ಗದವನು ಅಂತ ಅರ್ಥ. ಏರಿ ರಿಪೇರಿಯ ಶಾಸನದಲ್ಲಿ ಆ ಗುಣವನ್ನು ಕಲ್ಲಿಗೆ ಹಾಕಿಸಬೇಕು ಅನಿಸಿತ್ತು ಅಂದರೆ, ಅದು ಅಪರೂಪದ ಗುಣವೇ ಇರಬೇಕು.

ಬಿಟ್ಟಿ ಅನ್ನುವ ಪದ

ಈ ಶಾಸನದಲ್ಲಿ ನಾನು ಹಿಂದೆ ಬರೀ ಅಲಂಕಾರ ಅಂತ ದಾಟಿ ಹೋಗಿದ್ದ ಒಂದು ಮಾತಿದೆ. ಪೌರ–ಜಾನಪದರನ್ನು ಕರ, ವಿಷ್ಟಿ, ಪ್ರಣಯಗಳಿಂದ ಪೀಡಿಸದೆ, ತನ್ನ ಸ್ವಂತ ಕೋಶದಿಂದ ಹಣ ಹಾಕಿ, ಮೊದಲಿಗಿಂತ ಮೂರು ಪಟ್ಟು ಗಟ್ಟಿಯಾಗಿ ಏರಿ ಕಟ್ಟಿಸಿದ ಅಂತ ರುದ್ರದಾಮ ಹೇಳಿಕೊಳ್ಳುತ್ತಾನೆ.

ಕರ ಗೊತ್ತಿರುವುದೇ. ಪ್ರಣಯ ಅಂದರೆ ಇಲ್ಲಿ ಪ್ರೀತಿ ಪ್ರೇಮ ಅಲ್ಲ. ಖಜಾನೆ ಬರಿದಾದಾಗ ಅರಸ ‘ಪ್ರೀತಿಯಿಂದ ಕೊಡಿ’ ಅಂತ ಎತ್ತುವ ವಂತಿಗೆ. ಕೌಟಿಲ್ಯನ ಅರ್ಥಶಾಸ್ತ್ರ ಇದನ್ನು ಒಂದೇ ಸಲ ಕೇಳಬೇಕು, ಎರಡನೇ ಸಲ ಕೇಳಬಾರದು ಅನ್ನುತ್ತದೆ. ವಿಷ್ಟಿ ಅಂದರೆ ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ. ನಮ್ಮ ‘ಬಿಟ್ಟಿ’ ಬಂದಿದ್ದು ಈ ಪದದಿಂದಲೇ. ಬಿಟ್ಟಿ ಚಾಕರಿ ಅನ್ನುವಾಗ ಹಳೆಯ ಅರ್ಥ ಇನ್ನೂ ಉಳಿದಿದೆ. (ಬಿತ್ತುವಟ್ಟಕ್ಕೂ ಬಿಟ್ಟಿಗೂ ಸಂಬಂಧ ಕಲ್ಪಿಸಬೇಡಿ, ಅದು ಬೇರೆ ಪದ.)

ಈಗ ಪ್ರವಾಹ ಬಂದು ಸರ್ಕಾರ ಪರಿಹಾರ ಘೋಷಿಸಿದರೆ ‘ಜನಕ್ಕೆ ಬಿಟ್ಟಿ ಅಭ್ಯಾಸ ಆಗಿದೆ’ ಅನ್ನುವ ಮಾತು ಕೇಳುತ್ತೇವೆ. ನಾನೂ ಆಡಿದ್ದೇನೆ. ಪದದ ಚರಿತ್ರೆ ನೋಡಿದರೆ ತಿರುಗುಮುರುಗು. ಜನ ಅರಸನಿಗೆ ಕೂಲಿಯಿಲ್ಲದೆ ಕೊಟ್ಟಿದ್ದಕ್ಕೆ ಇದ್ದ ಹೆಸರು, ಸರ್ಕಾರ ಜನಕ್ಕೆ ಬೆಲೆಯಿಲ್ಲದೆ ಕೊಡುವುದಕ್ಕೆ ಬಂದು ಕೂತಿದೆ.

ರುದ್ರದಾಮ ಈ ಮೂರನ್ನೂ ಹೇರಲಿಲ್ಲ ಅಂತ ಹೇಳಿಕೊಳ್ಳಬೇಕಾಯಿತು ಅಂದರೆ, ಹೇರುವುದೇ ವಾಡಿಕೆ ಅಂತ ಆಯಿತು. ಏರಿ ಒಡೆದರೆ ಅರಮನೆ ಕಟ್ಟಿಸುತ್ತಿತ್ತು, ಬಿಲ್ಲು ಹಳ್ಳಿಗೆ ಬರುತ್ತಿತ್ತು. ಹಣದ ರೂಪದಲ್ಲಿ ಇಲ್ಲವೇ ಬೆನ್ನಿನ ಮೇಲಿನ ಮಣ್ಣಿನ ರೂಪದಲ್ಲಿ.

ಇನ್ನೊಂದು ಮಾತು. ಅವನ ‘ಸ್ವಂತ ಕೋಶ’ ಹೇಗೆ ತುಂಬಿತ್ತು ಅಂತಲೂ ಇದೇ ಶಾಸನ ಹೇಳುತ್ತದೆ. ನ್ಯಾಯವಾಗಿ ಬಂದ ಬಲಿ, ಶುಲ್ಕ, ಭಾಗಗಳಿಂದ. ಅಂದರೆ ಕಂದಾಯ, ಸುಂಕ, ಬೆಳೆಯ ಪಾಲು. ಕೆರೆ ಕೆಳಗೆ ಬೆಳೆದವರು ನಾನೂರು ವರ್ಷ ಕೊಟ್ಟ ಪಾಲೇ ಒಂದು ದಿನ ಏರಿಯಾಗಿ ವಾಪಸ್ಸು ಬಂತು. ಇದನ್ನು ದಾನ ಅನ್ನೋಣವೋ, ಬಾಕಿ ತೀರಿಸಿದ್ದು ಅನ್ನೋಣವೋ?

ಮೂರು ಪಟ್ಟು ಗಟ್ಟಿ ಮಾಡಿದರೂ ಸುದರ್ಶನ ಮತ್ತೆ ಒಡೆಯಿತು. ಗುಪ್ತ ವರ್ಷ 136ರ ಭಾದ್ರಪದದ ಒಂದು ರಾತ್ರಿ, ಅಂದರೆ ಕ್ರಿ.ಶ. 455ರ ಸುಮಾರಿಗೆ, ಬಿಡದೆ ಸುರಿದ ಮಳೆಗೆ. ‘ಏನು ಮಾಡೋಣ, ಹೇಗೆ ಮಾಡೋಣ’ ಅನ್ನುತ್ತಾ ಜನ ರಾತ್ರಿಯ ಮೊದಲ ಜಾವ, ಕೊನೆಯ ಜಾವ ಎದ್ದು ಕೂತು ಚಿಂತೆ ಮಾಡಿದರು ಅಂತ ಸ್ಕಂದಗುಪ್ತನ ಕಾಲದ ಶಾಸನ ವರ್ಣಿಸುತ್ತದೆ. ಏರಿ ಒಡೆದ ರಾತ್ರಿಯನ್ನು ಕಂಡವರಿಗೆ ಇದು ಉತ್ಪ್ರೇಕ್ಷೆ ಅನಿಸುವುದಿಲ್ಲ. ಸುರಾಷ್ಟ್ರದ ಅಧಿಕಾರಿ ಪರ್ಣದತ್ತನ ಮಗ, ನಗರವನ್ನು ನೋಡಿಕೊಳ್ಳುತ್ತಿದ್ದ ಚಕ್ರಪಾಲಿತ, ಮುಂದಿನ ಬೇಸಿಗೆಯಲ್ಲಿ ಎರಡು ತಿಂಗಳಲ್ಲಿ ಏರಿ ಕಟ್ಟಿಸಿದ. ಅಳತೆ 100 ಮೊಳ ಉದ್ದ, 68 ಮೊಳ ಅಗಲ, ಏಳಾಳೆತ್ತರ. ಇದು ಹೆಚ್ಚೆಂದರೆ 16–17 ಸಾವಿರ ಘನಮೀಟರು. ಹಿಂದಿನ ಲೆಕ್ಕದಲ್ಲೇ ದಿನಕ್ಕೆ ನೂರನಲವತ್ತು ಜನ ದುಡಿದರೆ ಎರಡು ತಿಂಗಳಿಗೆ ಮುಗಿಯುತ್ತದೆ. ಶಾಸನ ಬರೆದವನು ಬುರುಡೆ ಬಿಟ್ಟಿಲ್ಲ.

ಎರಡು ಒಡಕುಗಳ ಗಾತ್ರದಲ್ಲಿ ಅಜಗಜಾಂತರ. ಚಿಕ್ಕದನ್ನು ಊರ ಮಟ್ಟದ ಅಧಿಕಾರಿ ಒಂದು ಬೇಸಿಗೆಯಲ್ಲಿ ಮುಗಿಸಿದ. ದೊಡ್ಡದಕ್ಕೆ ರಾಜ್ಯದ ಖಜಾನೆಯೇ ಬೇಕಾಯಿತು. ‘ಊರೋ ಅರಸನೋ’ ಅಂತ ಕೇಳುವ ಮೊದಲು ‘ಎಷ್ಟು ಮೊಳ’ ಅಂತ ಕೇಳಬೇಕಿತ್ತು. ಅರಳಿಕಟ್ಟೆಯಲ್ಲಿ ನಾನು ಕೇಳಲಿಲ್ಲ.

ಬಿತ್ತುವಟ್ಟವನ್ನು ನಾನು ತಪ್ಪು ಓದಿದ್ದು

ಈಗ ನಮ್ಮ ಕಡೆಗೆ ಬರೋಣ. ಎಪಿಗ್ರಾಫಿಯ ಕರ್ನಾಟಿಕದ ಯಾವ ಸಂಪುಟ ತೆಗೆದರೂ ಕೆರೆಗೆ ಬಿಟ್ಟ ನೆಲದ ಶಾಸನಗಳು ಸಿಗುತ್ತವೆ. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಹೀಗೆ ಕಾಲಕ್ಕೆ, ಸೀಮೆಗೆ ಹೆಸರು ಬೇರೆ ಬೇರೆ. ಕೆರೆ ಕಟ್ಟಿಸಿದವನಿಗೋ, ಕೆರೆ ನೋಡಿಕೊಳ್ಳುವವನಿಗೋ ಅಚ್ಚುಕಟ್ಟಿನಲ್ಲಿ ಇಷ್ಟು ನೆಲ. ಅದರ ಹುಟ್ಟುವಳಿಯಿಂದ ಏರಿಗೆ ಮಣ್ಣು ಹಾಕಿಸಬೇಕು, ಬಂಡಿ ಇಟ್ಟು ಹೂಳು ತೆಗೆಸಬೇಕು, ತೂಬು ನೋಡಿಕೊಳ್ಳಬೇಕು. ಗಾವುಂಡರು, ಮಹಾಜನರು ಸಾಕ್ಷಿ. ಅಳಿಪಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ.

ಇದನ್ನೇ ನಾನು ‘ಸರ್ಕಾರವಿಲ್ಲದ ಸ್ವಾವಲಂಬನೆ’ ಅಂತ ಊರಿಗೆ ಹೇಳಿದ್ದು. ಆದರೆ ಆ ನೆಲ ‘ಮಾನ್ಯ’, ತೆರಿಗೆಯಿಲ್ಲದ್ದು. ಅರಸನೋ ಅವನ ಅಧಿಕಾರಿಯೋ ತನಗೆ ಬರಬೇಕಿದ್ದ ಆದಾಯವನ್ನು ಪ್ರತಿವರ್ಷ, ಕೆರೆ ಒಡೆಯಲಿ ಬಿಡಲಿ, ಊರಿಗೆ ಬಿಟ್ಟುಕೊಡುತ್ತಿದ್ದ. ದುಡಿಮೆ ಊರಿನದು, ನೆಲದ ತೆರಿಗೆ ಬಿಟ್ಟವನು ಅರಸ. ಸರ್ಕಾರದ ನೆರವು ಇತ್ತು. ಅದು ಅನಾಹುತ ಆದಮೇಲೆ ಹೆಲಿಕಾಪ್ಟರಿನಲ್ಲಿ ಬರುತ್ತಿರಲಿಲ್ಲ, ಅನಾಹುತಕ್ಕೆ ಮೊದಲೇ ಗದ್ದೆಯ ರೂಪದಲ್ಲಿ ಏರಿಯ ಕೆಳಗೆ ಇರುತ್ತಿತ್ತು.

ಆ ವ್ಯವಸ್ಥೆ ಬಂಗಾರದ್ದಾಗಿತ್ತು ಅಂತಲೂ ನಾನು ಹೇಳುವುದಿಲ್ಲ. ತೂಬು ಎತ್ತುವ, ಇಳಿಸುವ ನೀರಗಂಟಿ ಕೆಲಸ ಇಂಥ ಜಾತಿಗೆ, ಇಂಥ ಮನೆಗೆ ಅಂತ ಕಟ್ಟಿಹಾಕಿದ್ದ ಕಾಲ ಅದು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆ ರದ್ದು ಮಾಡಿದ್ದು ನ್ಯಾಯವೇ. ಆದರೆ ಹುದ್ದೆ ಹೋದಮೇಲೆ ಆ ಕೆಲಸಕ್ಕೆ ಸಂಬಳ ಕೊಟ್ಟು ಯಾರನ್ನಾದರೂ ಇಡಬೇಕು ಅನ್ನುವುದನ್ನು ನಮ್ಮೂರಿನಂಥ ಊರುಗಳು ಮರೆತವು. ಕೋಡಿಯಲ್ಲಿ ಗಿಡ ಬೆಳೆಯಿತು.

ನಮ್ಮ ಏರಿ ಎರಡನೇ ಸಲ ಒಡೆದಾಗ, ಹಿಂದೆ ನೀರಗಂಟಿಯಾಗಿದ್ದ ಮನೆತನದ ಹಿರಿಯರೊಬ್ಬರು ನನ್ನನ್ನು ಕೋಡಿ ಹತ್ತಿರ ಕರೆದುಕೊಂಡು ಹೋದರು. ‘ಅಲ್ಲ ಕಣಪ್ಪ, ಕೋಡಿ ಹೂಳು ತೆಗೀದಂಗೆ ಏರಿ ಮಾತ್ರ ಎತ್ತರಿಸಿದ್ರೆ ನೀರು ಎಲ್ಲಿಗೋಗ್ಬೇಕು?’ ಅಂದರು. ‘ಮೊದ್ಲೇ ಹೇಳ್ಬಾರ್ದಿತ್ತಾ ಅಣ್ಣ’ ಅಂದೆ. ‘ನೀವು ಓದ್ದೋರು ಹೇಳ್ತಿದ್ರಿ, ನನ್ನ ಯಾರು ಕೇಳಿದ್ರು’ ಅಂದರು. ಆಮೇಲೆ ಸಿವಿಲ್ ಓದಿದ ಗೆಳೆಯನೊಬ್ಬ ಬಂದು ನೋಡಿ ಉಳಿದದ್ದನ್ನು ಹೇಳಿದ: ಹಳೇ ಏರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹೊಸ ಮಣ್ಣನ್ನು ಬೆಸೆದಿಲ್ಲ, ಪದರ ಪದರವಾಗಿ ನೀರು ಹಾಕಿ ದಮ್ಮಸ್ಸು ಮಾಡಿಲ್ಲ, ಜೇಡಿಮಣ್ಣು ಹಾಕಬೇಕಾದಲ್ಲಿ ಸಿಕ್ಕಿದ ಮಣ್ಣು ಸುರಿದಿದ್ದೀರಿ.

ಇಂಥ ತಿಳಿವಳಿಕೆ ಬೇಕು ಅನ್ನುವುದೂ ಹಳೆಯ ಮಾತೇ. ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನ, ಬುಕ್ಕರಾಯನ ಮಗ ಭಾಸ್ಕರ ಭವದೂರನದು, ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. ಜಲಶಾಸ್ತ್ರ ಬಲ್ಲವನೊಬ್ಬ ಇರಬೇಕು ಅನ್ನುವುದು ಅಂಗಗಳಲ್ಲಿ ಒಂದು. ಏರಿಯಿಂದ ನೀರು ಜಿನುಗುವುದು ಒಂದು ದೋಷ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಇನ್ನೊಂದು. ಎರಡನೆಯದನ್ನು ಓದಿ ನಾನು ನಕ್ಕಿದ್ದೆ, ಆಮೇಲೆ ನಗು ನಿಂತಿತು. ಯಾರ ಕೆರೆ ಅನ್ನುವುದು ಗೊತ್ತಿಲ್ಲದಿದ್ದರೆ ಏರಿ ಎಷ್ಟು ಗಟ್ಟಿಯಿದ್ದರೂ ಕಾಯುವವರಿಲ್ಲ ಅಂತ ಆ ಶಾಸನ ಬರೆಸಿದವರಿಗೆ ತಿಳಿದಿತ್ತು. ಅಲ್ಲಿಯೂ 1000 ಆಳು, 100 ಬಂಡಿ, ಎರಡು ವರ್ಷ ಅನ್ನುವ ಲೆಕ್ಕವಿದೆ.

ಹರಿಹರದ ಅಣೆಕಟ್ಟು, ಆಲಂಗುಡಿಯ ಸಾಲ

ಊರವರು ತಾವೇ ಹಣ ಹಾಕಿ ಕಟ್ಟಿದ ಉದಾಹರಣೆಯೂ ನಮ್ಮಲ್ಲಿದೆ. ಸೂಳೆಕೆರೆಯಿಂದ ಹರಿದು ತುಂಗಭದ್ರೆಗೆ ಸೇರುವ ಹರಿದ್ರಾ ಹೊಳೆಗೆ 1410ರಲ್ಲಿ ಅಣೆಕಟ್ಟು ಕಟ್ಟಿ ಕಾಲುವೆ ತೆಗೆದರು. ಹರಿಹರದ ಬ್ರಾಹ್ಮಣರು ಖರ್ಚು ಹಾಕಿದರು. ನೀರು ಹರಿದ ನೆಲದಲ್ಲಿ ಹರಿಹರ ದೇವರಿಗೆ ಎಷ್ಟು ಪಾಲು, ಖರ್ಚು ಹಾಕಿದವರಿಗೆ ಎಷ್ಟು ಪಾಲು ಅಂತ ಕರಾರು ಮಾಡಿಕೊಂಡರು. ಅಪ್ಪಟ ಸ್ವಾವಲಂಬನೆ. ಆ ಅಣೆಕಟ್ಟು ಒಡೆಯಿತು. 1424ರ ಶಾಸನದ ಪ್ರಕಾರ ಅದನ್ನು ಮತ್ತೆ ಕಟ್ಟಿಸಿಕೊಟ್ಟಿದ್ದು ವಿಜಯನಗರದ ದೇವರಾಯನ ಸೇನಾಪತಿ ಚಾಮನೃಪಾಲ. ಊರು ಕಟ್ಟಿದ್ದನ್ನು ರಾಜ್ಯ ಎತ್ತಿ ನಿಲ್ಲಿಸಿತು. ಎರಡನ್ನೂ ಕಲ್ಲಿನಲ್ಲಿ ಬರೆಸಿಟ್ಟರು, ಯಾರಿಗೂ ನಾಚಿಕೆಯಾಗಲಿಲ್ಲ.

ಯಾರೂ ಎತ್ತಿ ನಿಲ್ಲಿಸದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ತಂಜಾವೂರು ಸೀಮೆಯ ಆಲಂಗುಡಿಯ 1054ರ ಶಾಸನ ನೋಡಬೇಕು. ಕೆಟ್ಟ ಕಾಲ ಬಂತು. ತಿನ್ನಲು, ಬಿತ್ತಲು ಭತ್ತ ಕೊಳ್ಳಲು ಊರ ಸಭೆಯ ಹತ್ತಿರ ಹಣವಿರಲಿಲ್ಲ. ಸಭೆ ದೇವಸ್ಥಾನದ ಬಂಗಾರದ ಒಡವೆ, ಬೆಳ್ಳಿ ಪಾತ್ರೆಗಳನ್ನು ಸಾಲವಾಗಿ ಪಡೆಯಿತು. ಅದಕ್ಕೆ ಬದಲಾಗಿ ಊರಿನ ನೆಲ ದೇವಸ್ಥಾನಕ್ಕೆ ಹೋಯಿತು. ಊರು ಬದುಕಿತು, ತನ್ನ ನೆಲ ಕಳೆದುಕೊಂಡು. ಸ್ವಾವಲಂಬನೆಯನ್ನು ಹೊಗಳುವಾಗ ಈ ನೆಲದ ಲೆಕ್ಕವನ್ನೂ ಹಾಕಬೇಕು. ನಮ್ಮೂರಲ್ಲಿ ತೋಟಕ್ಕೆ ಮರಳು ನುಗ್ಗಿದವರಿಗೆ ಆ ಲೆಕ್ಕ ಬಾಯಿಪಾಠ.

ಅರಸರ ನೆರವೂ ಯಾವಾಗಲೂ ಪುಕ್ಕಟೆಯಲ್ಲ. ಇಂದಿನ ಬಾಂಗ್ಲಾದೇಶದ ಬೊಗ್ರಾ ಜಿಲ್ಲೆಯ ಮಹಾಸ್ಥಾನದಲ್ಲಿ 1931ರಲ್ಲಿ ಸಿಕ್ಕಿದ ಬ್ರಾಹ್ಮೀ ಶಾಸನದ ತುಣುಕು ಮೌರ್ಯರ ಕಾಲದ್ದು ಅಂತ ವಿದ್ವಾಂಸರು ಹೇಳುತ್ತಾರೆ. ದೇವದತ್ತ ಭಂಡಾರ್ಕರ್ ಓದಿದಂತೆ, ಸಂಕಟದಲ್ಲಿರುವವರಿಗೆ ಧಾನ್ಯವನ್ನೂ ನಾಣ್ಯವನ್ನೂ ಕೊಡಿ, ಒಳ್ಳೆಯ ಕಾಲ ಬಂದಾಗ ಅವರು ಉಗ್ರಾಣವನ್ನೂ ಬೊಕ್ಕಸವನ್ನೂ ಮತ್ತೆ ತುಂಬಲಿ ಅನ್ನುವ ಆಜ್ಞೆ ಅದು. ಕಡ, ಆದರೆ ಗಡುವಿಲ್ಲದ ಕಡ. ತೀರಿಸುವುದು ‘ಸುಭಿಕ್ಷ ಬಂದಮೇಲೆ’.

ಮತ್ತೆ ನಮ್ಮೂರಿಗೆ

ಇಷ್ಟೂ ಕಲ್ಲುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಅರಳಿಕಟ್ಟೆಯಲ್ಲಿ ನಾವು ಹೊಡೆದಾಡಿದ ಪ್ರಶ್ನೆ ಅವುಗಳಲ್ಲಿ ಎಲ್ಲೂ ಇಲ್ಲ. ಅವು ಬರೆದಿಡುವುದು ಬೇರೆ ವಿಷಯಗಳನ್ನು: ಒಡಕು ಎಷ್ಟು ಮೊಳ, ದುಡ್ಡು ಯಾರ ಕೋಶದ್ದು, ದುಡಿದವರಿಗೆ ಕೂಲಿ ಸಿಕ್ಕಿತೋ ಬಿಟ್ಟಿಯೋ, ನಾಳೆ ನೋಡಿಕೊಳ್ಳುವವನಿಗೆ ಯಾವ ನೆಲ. ದಿನದಿನದ ಕೋಡಿ, ತೂಬು, ಹೂಳು ಊರಿನ ಪಾಲು. ಅದಕ್ಕೆ ಬೇಕಾದ ಆದಾಯವನ್ನು ಬಿಟ್ಟುಕೊಡುವುದು ರಾಜ್ಯದ ಪಾಲು. ಊರಿನ ಕೈ ಮೀರಿದ ಒಡಕು ಬಂದಾಗ ಖಜಾನೆ ತೆರೆಯಲೇಬೇಕು, ಅದು ಮೊದಲೇ ಊರಿಂದ ತುಂಬಿದ ಖಜಾನೆ.

2023ರಲ್ಲಿ ಮಳೆಯೇ ಆಗಲಿಲ್ಲ. ಆ ಬರದ ವರ್ಷ ನಮಗೆ ಒಂದು ರೀತಿ ಸಮಯ ಕೊಟ್ಟಿತು. ಏರಿಯ ಕೆಲಸಕ್ಕೆ ಅರ್ಜಿ ಬರೆದೆವು. ಈ ಸಲ ಅಳತೆ ಹಿಡಿದು, ಮಣ್ಣಿನ ಲೆಕ್ಕ ಹಾಕಿ, ಕೋಡಿಯ ಫೋಟೋ ಇಟ್ಟು. ಓಡಾಟ ಬಹಳ ಆಯಿತು, ಕೊನೆಗೆ ಸರಿಯಾದ ನಕ್ಷೆಯ ಪ್ರಕಾರ ಕೆಲಸ ಆಯಿತು. ಕೋಡಿ ಹೂಳನ್ನು ಊರವರೇ ತೆಗೆದೆವು, ಅದಕ್ಕೆ ಯಾರನ್ನೂ ಕಾಯಲಿಲ್ಲ. ಆ ಹಿರಿಯರು ನಿಂತು ತೋರಿಸಿದರು, ದಿನಕ್ಕೆ ಇಷ್ಟು ಅಂತ ಕೂಲಿ ಪಡೆದರು. ಬಿಟ್ಟಿ ಮಾಡಿಸಬಾರದು ಅಂತ ನಾನೇ ಹಟ ಹಿಡಿದೆ.

ಮರಳು ನುಗ್ಗಿದ ತೋಟ ಇನ್ನೂ ಪೂರ್ತಿ ಸರಿಹೋಗಿಲ್ಲ. ಊರಿಗೆ ಹೋದಾಗಲೆಲ್ಲ ಅವರನ್ನು ನೋಡಿ ಬರುತ್ತೇನೆ. ಹೋದ ತಿಂಗಳು ಅವರೇ ಕೇಳಿದರು, ‘ಕೆರೆ ಮೀನು ಹರಾಜಿನ ದುಡ್ಡಲ್ಲಿ ಒಂದು ಪಾಲು ಪ್ರತಿವರ್ಷ ಏರಿಗೆ ಅಂತ ತೆಗೆದಿಡೋಕೆ ಆಗಲ್ವಾ? ನಿಮ್ಮ ಶಾಸನದಲ್ಲಿ ಅದಕ್ಕೆ ಏನೋ ಹೆಸರು ಹೇಳ್ತಿದ್ರಲ್ಲ?’

ಹೆಸರು ಹೇಳಿದೆ. ಪಂಚಾಯ್ತಿಗೆ ಕೊಡುವ ಮನವಿಯನ್ನು ಇಬ್ಬರೂ ಕೂತು ಬರೆಯುತ್ತಿದ್ದೇವೆ.